ಕಾಳಿನೊಳಗಿನ ಒಕ್ಕಲು

ಕಳೆದ ಶ್ರಾವಣದ ಒಂದು ಭಾನುವಾರ. ಮನೆಯಲ್ಲಿ ಆ ದಿನ ಅಲಸಂದೆ ಕಾಳಿನ ಹುಳಿ ಎಂದು ಹಿಂದಿನ ರಾತ್ರಿಯೇ ಗೊತ್ತಾಗಿತ್ತು. ದೆಹಲಿಯಲ್ಲಿ ಹನ್ನೊಂದು ವರ್ಷಗಳಿಂದ ಗುಮಾಸ್ತಗಿರಿ ಮಾಡಿಕೊಂಡಿರುವ ನನ್ನಂಥವನಿಗೆ ಊರಿನ ಕಾಳಿನ ಹುಳಿಯೆಂದರೆ ಒಂದು ಸಣ್ಣ ಹಬ್ಬವೇ ಸರಿ. ಮೇ ತಿಂಗಳಲ್ಲಿ ರಜೆಯ ಮೇಲೆ ತಿಪಟೂರಿನ ಹತ್ತಿರದ ನಮ್ಮ ಹಳ್ಳಿಗೆ ಹೋಗಿದ್ದಾಗ ಅಮ್ಮ ಮೂರು ಕಿಲೋ ಅವರೆ, ಎರಡು ಕಿಲೋ ಅಲಸಂದೆ, ಒಂದಿಷ್ಟು ಹುರುಳಿ ಕಟ್ಟಿಕೊಟ್ಟಿದ್ದಳು. ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಆ ಗಂಟಿನ ಮೇಲೆ ಕಾಲಿಟ್ಟುಕೊಂಡೇ ಎರಡು ರಾತ್ರಿ ಕಳೆದು ಅದನ್ನು ತಂದಿದ್ದೆವು.

ಡಬ್ಬದ ಮುಚ್ಚಳ ತೆಗೆದ ನನ್ನಾಕೆ, "ರೀ, ಸ್ವಲ್ಪ ಇಲ್ಲಿ ಬನ್ನಿ" ಎಂದು ಕರೆದಳು. ಹೋಗಿ ನೋಡಿದೆ. ಕಾಳಿನ ಮೇಲೆ ಬೂದುಕಂದು ಬಣ್ಣದ ಹುಳುಗಳು ಜಾತ್ರೆ ನೆರೆದಂತೆ ಓಡಾಡುತ್ತಿದ್ದವು. ತಳದಲ್ಲಿ ಹಿಟ್ಟಿನಂಥ ಪುಡಿ. ಹಿಡಿಯಷ್ಟು ಕಾಳು ಎತ್ತಿಕೊಂಡರೆ ಎಂಟರಲ್ಲಿ ಆರಕ್ಕೆ, ಮೊಳೆಯಿಂದ ಕೊರೆದಂತೆ ದುಂಡನೆಯ ತೂತು. ಹುಳಿ ಮಾಡಹೊರಟವಳಿಗೆ ಹುಳು ಸಿಕ್ಕಿತ್ತು.

"ಎರಡು ತಿಂಗಳೂ ಡಬ್ಬ ತೆರೆದೇ ಇಲ್ಲ. ಮುಚ್ಚಿದ ಡಬ್ಬದೊಳಕ್ಕೆ ಇವು ಹೇಗೆ ಬಂದವು?" ಎಂದು ಅವಳು ಕೇಳಿದಳು. ಪ್ರಶ್ನೆ ನ್ಯಾಯವಾದದ್ದು. ಬಿ.ಎ. ತರಗತಿಯಲ್ಲಿ ಇತಿಹಾಸ, ಅರ್ಥಶಾಸ್ತ್ರ ಓದಿದ ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ಹುಡುಕುವ ಮೊದಲು ಪರಿಹಾರ ಹುಡುಕಲು ಹೋದದ್ದು ನನ್ನ ತಪ್ಪು. ಮೇಲಿನ ಮನೆಯವರು ಬಹಳ ಒಳ್ಳೆಯ ಜನ. ಅವರು ವರ್ಷಕ್ಕಾಗುವ ಗೋಧಿಯನ್ನು ದೊಡ್ಡ ಡ್ರಮ್ಮಿನಲ್ಲಿ ತುಂಬಿಡುವವರು. ನಮ್ಮ ಕಷ್ಟ ಕೇಳಿ, "ಇದೊಂದು ಮಾತ್ರೆ ಬಟ್ಟೆಯಲ್ಲಿ ಕಟ್ಟಿ ಡಬ್ಬದಲ್ಲಿಡಿ, ಒಂದು ಹುಳುವೂ ಉಳಿಯುವುದಿಲ್ಲ" ಎಂದು ಮುಚ್ಚಳ ಬಿಗಿದ ಒಂದು ಕೊಳವೆಯನ್ನೇ ಕೊಟ್ಟರು. ನಾನು ಅದನ್ನು ತಂದು ಅಡಿಗೆಮನೆಯ ಗೂಡಿನಲ್ಲಿಟ್ಟೆ. ನಮ್ಮದು ಎರಡು ಕೋಣೆಯ ಸರ್ಕಾರಿ ವಸತಿ. ಅವರೆಯ ಡಬ್ಬವಿದ್ದದ್ದು ಮಗು ಮಲಗುವ ಪೆಟ್ಟಿಗೆ ಮಂಚದೊಳಗೆ. ರಾತ್ರಿ ಊಟವಾದ ಮೇಲೆ ಮಾತ್ರೆ ಹಾಕೋಣವೆಂದು ನಿಶ್ಚಯಿಸಿದ್ದೆವು.

ಅಂದು ಸಂಜೆ ನಮ್ಮ ಸಂಘದ ಸಭೆಯಿತ್ತು. ಪೂಸಾದ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಕೆಲಸದಲ್ಲಿರುವ ಹಿರಿಯ ಸದಸ್ಯರೊಬ್ಬರ ಪಕ್ಕದಲ್ಲಿ ಕುಳಿತಿದ್ದಾಗ ಮಾತಿಗೆ ಮಾತು ಬಂದು ಈ ವಿಷಯ ಹೇಳಿದೆ. ಅವರು ಕೈಯಲ್ಲಿದ್ದ ಕಾಫಿಯ ಲೋಟವನ್ನು ಕೆಳಗಿಟ್ಟರು. "ಅದು ಅಲ್ಯುಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಕಿದರೆ ಸಾಕು, ಫಾಸ್ಫೀನ್ ಅನಿಲ ಬಿಡುತ್ತದೆ. ಮೂರು ಗ್ರಾಮಿನ ಒಂದು ಮಾತ್ರೆಯಿಂದ ಒಂದು ಗ್ರಾಂ ಅನಿಲ. ಅದಕ್ಕೆ ಮದ್ದಿಲ್ಲ. ಮನೆಗೆ ಫೋನ್ ಮಾಡಿ, ಕೊಳವೆ ಮುಟ್ಟಬೇಡಿ ಎಂದು ಹೇಳಿ" ಎಂದರು. ಫೋನ್ ಮಾಡಿದೆ. ಕೈ ನಡುಗುತ್ತಿತ್ತೆಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಈ ಮಾತ್ರೆ ಉಗ್ರಾಣಗಳಿಗೆಂದು ಇರುವ ವಸ್ತು. ಸರ್ಕಾರಿ ಸಂಸ್ಥೆಗಳೂ ಪರವಾನಗಿ ಪಡೆದ ಕೀಟನಿಯಂತ್ರಕರೂ ತಿಳಿದವರ ಮೇಲ್ವಿಚಾರಣೆಯಲ್ಲಿ ಬಳಸಬೇಕೆಂದು ನಿಯಮವಿದೆ. ಆದರೂ ಅಂಗಡಿಗಳಿಂದ ಅದು ಮನೆಗಳಿಗೆ ಬರುತ್ತದೆ. ಮಲಗಿದವರು ಏಳದ ಸುದ್ದಿ ಆಗಾಗ ಪತ್ರಿಕೆಯಲ್ಲಿ ಬರುತ್ತದೆ. ಕೊಳವೆಯನ್ನು ತೆರೆಯದೆಯೇ ಹಿಂದಿರುಗಿಸಿದೆವು. ಮೇಲಿನ ಮನೆಯವರೂ ವಿಷಯ ತಿಳಿದು, ತಮ್ಮಲ್ಲಿದ್ದುದನ್ನೆಲ್ಲ ಕೀಟನಿಯಂತ್ರಣದವರನ್ನು ಕರೆಸಿ ಒಪ್ಪಿಸಿದರು.

ಮರುವಾರ ಆ ಹಿರಿಯರು ಒಂದು ಭೂತಗನ್ನಡಿ ಕೊಟ್ಟು, "ಕೊಲ್ಲುವ ಮೊದಲು ಒಂದು ತಿಂಗಳು ನೋಡಿ" ಎಂದರು. ಅವರು ಹೇಳಿದ್ದು, ಅವರ ಪುಸ್ತಕಗಳಲ್ಲಿ ಓದಿದ್ದು, ನಾನೇ ಕಂಡದ್ದು ಸೇರಿ ಈ ಲೇಖನ.

ನಮ್ಮ ಕಡೆ ಇದನ್ನು ಕುಟ್ಟೆ ಹುಳು ಎನ್ನುತ್ತೇವೆ. ಅಕ್ಕಿಯ ಹುಳುವಿಗೂ ಇದಕ್ಕೂ ನಂಟಿಲ್ಲ. ಅಕ್ಕಿಯ ಹುಳುವಿಗೆ ಆನೆಯ ಸೊಂಡಿಲಿನಂತೆ ಮುಂದೆ ಚಾಚಿದ ಮೂತಿಯುಂಟು, ಇದಕ್ಕಿಲ್ಲ. ಎಲೆ ತಿನ್ನುವ ದುಂಬಿಗಳ ದೊಡ್ಡ ಮನೆತನದಲ್ಲಿ ಬೀಜ ತಿನ್ನುವ ಒಂದು ಕವಲಿದೆ. ಆ ಕವಲಿನ ಒಂದು ಕುಲ ಇದು. ಶಾಸ್ತ್ರದ ಹೆಸರು ಕ್ಯಾಲೊಸೊಬ್ರೂಕಸ್. ಈ ಕುಲನಾಮವನ್ನು 1902ರಲ್ಲಿ ಪಿಕ್ ಎಂಬ ಫ್ರೆಂಚ್ ವಿದ್ವಾಂಸ ಇಟ್ಟದ್ದು. ಕುಲದಲ್ಲಿ ಸುಮಾರು ಇಪ್ಪತ್ತು ಜಾತಿಗಳಿವೆ. ಏಷ್ಯಾ, ಆಫ್ರಿಕಗಳೇ ಇವುಗಳ ತವರು. ನಮ್ಮ ಡಬ್ಬಗಳಲ್ಲಿ ಹೆಚ್ಚಾಗಿ ಕಾಣುವವು ಎರಡು. ಬೆನ್ನಿನ ಮೇಲೆ ಕರಿಯ ಮಚ್ಚೆಗಳಿರುವುದು ಮ್ಯಾಕ್ಯುಲೇಟಸ್. ಕತ್ತಿನ ಹಿಂಬದಿಯಲ್ಲಿ ಎರಡು ಬಿಳಿಯ ಉಬ್ಬುಗಳಿದ್ದು, ಗಂಡಿನ ಮೀಸೆ ಬಾಚಣಿಗೆಯಂತಿರುವುದು ಚೈನೆನ್ಸಿಸ್. ಈ ಎರಡನೆಯದಕ್ಕೆ ಸ್ವೀಡನ್ನಿನ ಲಿನೇಯಸ್ 1758ರಲ್ಲಿಯೇ ಚೀನದ ಹೆಸರು ಕೊಟ್ಟುಬಿಟ್ಟ. ಹೆಸರು ಚೀನದ್ದಾದರೂ ನಮ್ಮ ಕಡಲೆ, ಹೆಸರುಗಳ ಮೇಲೆ ಅದಕ್ಕೆ ಯಾವ ಪರಕೀಯ ಭಾವನೆಯೂ ಇಲ್ಲ. ಅನಾಲಿಸ್ ಎಂಬ ಮೂರನೆಯದೊಂದುಂಟು. ಅದನ್ನೂ ಮ್ಯಾಕ್ಯುಲೇಟಸ್ಸನ್ನೂ ಪಂಡಿತರೇ ಬಹುಕಾಲ ಒಂದಕ್ಕೊಂದು ಬೆರೆಸಿ, 1957ರಲ್ಲಿ ಬೇರೆ ಬೇರೆಯೆಂದು ತೀರ್ಮಾನಿಸಿದರಂತೆ. ಕಡತ ಇತ್ಯರ್ಥವಾಗಲು ಎಷ್ಟು ಕಾಲ ಹಿಡಿಯುತ್ತದೆಂದು ಬಲ್ಲ ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

ಭೂತಗನ್ನಡಿಯಲ್ಲಿ ನಾನು ಮೊದಲು ಕಂಡದ್ದು ಮೊಟ್ಟೆ. ಬರಿಗಣ್ಣಿಗೂ ಕಾಣುತ್ತದೆ, ಆದರೆ ನೋಡಬೇಕೆಂದು ತಿಳಿದಿರಬೇಕು. ನುಣುಪಾದ ಕಾಳಿನ ಸಿಪ್ಪೆಯ ಮೇಲೆ ಗಸಗಸೆಗಿಂತ ಸಣ್ಣದಾಗಿ, ಗೋಂದಿನಿಂದ ಅಂಟಿಸಿದಂಥ ಒಂದು ಚುಕ್ಕೆ. ಹೊಸದಾಗಿ ಇಟ್ಟಾಗ ಅದು ಗಾಜಿನಂತೆ ತಿಳಿ. ಐದಾರು ದಿನಗಳಲ್ಲಿ ಒಳಗಿನ ಮರಿ ಮೊಟ್ಟೆಯನ್ನು ಒಡೆದುಕೊಂಡು ಹೊರಗೆ ಬರುವುದಿಲ್ಲ. ಮೊಟ್ಟೆಯ ತಳವನ್ನೇ ಕೊರೆದು, ಅಲ್ಲಿಂದ ನೇರವಾಗಿ ಕಾಳಿನೊಳಕ್ಕೆ ಇಳಿಯುತ್ತದೆ. ಕೊರೆದ ಪುಡಿ ಹಿಂದಕ್ಕೆ ಬಂದು ಖಾಲಿ ಮೊಟ್ಟೆಯಲ್ಲಿ ತುಂಬಿಕೊಳ್ಳುತ್ತದೆ. ತಿಳಿಯಾಗಿದ್ದ ಚುಕ್ಕೆ ಆಗ ಸುಣ್ಣದಂತೆ ಬಿಳಿಯಾಗುತ್ತದೆ. ಕಾಳಿನ ಮೇಲೆ ಬಿಳಿಯ ಚುಕ್ಕೆ ಕಂಡರೆ ಒಕ್ಕಲು ಒಳಗೆ ಬಂದಾಯಿತೆಂದು ತಿಳಿಯಬೇಕು.

ಒಳಗೆ ಹೋದ ಮೇಲೆ ಅದರ ಊಟ, ವಾಸ, ನಿದ್ರೆ ಎಲ್ಲವೂ ಆ ಒಂದು ಕಾಳೇ. ನಾಲ್ಕು ಹಂತಗಳಲ್ಲಿ ಬೆಳೆಯುತ್ತದೆ. ಪೊರೆಹುಳುವಾಗುವ ಮುಂಚೆ ಸಿಪ್ಪೆಯವರೆಗೆ ಕೊರೆದು ಬಂದು, ಕಾಗದದಷ್ಟು ತೆಳ್ಳಗೆ ಒಂದು ಪದರವನ್ನು ಮಾತ್ರ ಉಳಿಸಿ ಹಿಂದೆ ಸರಿಯುತ್ತದೆ. ಹೊರಗಿನಿಂದ ನೋಡಿದರೆ ಕಾಳಿನ ಮೇಲೆ ಮಂಕಾದ ಒಂದು ದುಂಡು ಕಿಟಕಿ. ದುಂಬಿಯಾದ ಮೇಲೆ ಆ ಕಿಟಕಿಯ ಬಿಲ್ಲೆಯನ್ನು ತಳ್ಳಿಕೊಂಡು ಹೊರಕ್ಕೆ ಬರುತ್ತದೆ. ಬಂದ ದುಂಬಿ ಏನನ್ನೂ ತಿನ್ನಬೇಕಾಗಿಲ್ಲ, ನೀರೂ ಬೇಕಿಲ್ಲ. ಕಾಳಿನೊಳಗೆ ಕೂಡಿಟ್ಟ ಶಕ್ತಿಯಲ್ಲೇ ಹತ್ತು ಹದಿನೈದು ದಿನ ಬದುಕಿ, ಜೊತೆ ಸೇರಿ, ಮೊಟ್ಟೆಯಿಟ್ಟು ಸಾಯುತ್ತದೆ.

ನಾನು ಇಪ್ಪತ್ತು ಅಲಸಂದೆ ಕಾಳುಗಳನ್ನೂ ನಾಲ್ಕಾರು ದುಂಬಿಗಳನ್ನೂ ಒಂದು ಗಾಜಿನ ಸೀಸೆಯಲ್ಲಿ ಹಾಕಿ, ಬಾಯಿಗೆ ತೆಳುಬಟ್ಟೆ ಕಟ್ಟಿ, ಚೀಟಿ ಅಂಟಿಸಿ ದಿನಾಂಕ ಬರೆದೆ. ಆಗಸ್ಟ್ 3ರಂದು ಮೊದಲ ಮೊಟ್ಟೆ. ಆಗಸ್ಟ್ 28ರ ಬೆಳಿಗ್ಗೆ ಮೊದಲ ಹೊಸ ದುಂಬಿ. ಇಪ್ಪತ್ತೈದು ದಿನ! ಮೂವತ್ತು ಡಿಗ್ರಿಯ ಆಸುಪಾಸಿನ ಬೆಚ್ಚನೆಯ ತೇವದ ಹವೆಯಲ್ಲಿ ಮೂರು ನಾಲ್ಕು ವಾರಗಳೇ ಇದರ ಒಂದು ತಲೆಮಾರು ಎಂದು ಪುಸ್ತಕದಲ್ಲಿಯೂ ಇತ್ತು. ಒಂದು ಹೆಣ್ಣು ಎಂಬತ್ತು ಮೊಟ್ಟೆಯಿಟ್ಟು, ಅದರಲ್ಲಿ ಅರ್ಧ ಹೆಣ್ಣಾಗಿ, ಎಲ್ಲವೂ ಬದುಕಿದವೆಂದು ಲೆಕ್ಕ ಹಾಕಿ ನೋಡಿ. ಮೊದಲ ತಲೆಮಾರಿಗೆ 40 ಹೆಣ್ಣು, ಎರಡನೆಯದಕ್ಕೆ 1,600, ಮೂರನೆಯದಕ್ಕೆ 64,000. ಎಲ್ಲವೂ ಬದುಕುವುದಿಲ್ಲವೆಂಬುದು ನಮ್ಮ ಪುಣ್ಯ.

ಮುಚ್ಚಿದ ಡಬ್ಬದ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಹೊಲದಲ್ಲಿ ಕಾಯಿ ಬಲಿತು ಒಣಗುವಾಗಲೇ ದುಂಬಿ ಹಾರಿಬಂದು ಕಾಯಿಯ ಮೇಲೆ ಮೊಟ್ಟೆಯಿಡುತ್ತದೆ. ಕಣದಲ್ಲಿ ಬಡಿದು, ತೂರಿ, ಕೇರಿ, ಆರಿಸಿ ಕಟ್ಟಿದ ಕಾಳಿನಲ್ಲಿಯೂ ನಾಲ್ಕಾರರೊಳಗೆ ಮರಿ ಇರಬಹುದು. ಹೊರಗಿನಿಂದ ನೋಡಿದರೆ ಅದು ಒಳ್ಳೆಯ ಕಾಳೇ. ನಮ್ಮ ಅಲಸಂದೆಯ ಹುಳುಗಳು ಬಹುಶಃ ನಮ್ಮೊಡನೆಯೇ, ಟಿಕೆಟ್ಟಿಲ್ಲದೆ, ಆ ರೈಲಿನಲ್ಲಿ ಬಂದಿದ್ದವು.

ಅಂದಹಾಗೆ ಅಮ್ಮನಿಗೆ ಫೋನ್ ಮಾಡಿ, "ಏನಮ್ಮ, ಈ ಸಲ ಹುಳ ಬಿದ್ದ ಕಾಳು ಕೊಟ್ಟುಬಿಟ್ಟೆ?" ಎಂದು ಕೇಳಿದ್ದೆ. ಆಕೆ ತಟ್ಟನೆ, "ಯಾವಾಗಲೂ ಬೂದಿ ಬೆರೆಸಿ ಕೊಡ್ತಿದ್ದೆ ಕಣಪ್ಪ. ಪೆಟ್ಟಿಗೆ ಬಟ್ಟೆ ಎಲ್ಲ ಕೊಳೆಯಾಗುತ್ತೆ, ಈ ಸಲ ಬೂದಿ ಬೇಡ ಅಂದೋನು ನೀನೇ ಅಲ್ವೆ?" ಎಂದಳು. ನಾನು ಬೇರೆ ಮಾತು ತೆಗೆದೆ.

ಈ ಹುಳುವಿನ ಅತಿ ದೊಡ್ಡ ವಿಶೇಷ ಅದರ ಆಯ್ಕೆ. ಅಕ್ಕಿ, ರಾಗಿ, ಗೋಧಿ ಯಾವುದೂ ಅದಕ್ಕೆ ಬೇಡ. ಬೇಕಾದುದು ದ್ವಿದಳ ಧಾನ್ಯ: ಅಲಸಂದೆ, ಹೆಸರು, ಉದ್ದು, ತೊಗರಿ, ಕಡಲೆ, ಅವರೆ, ಹುರುಳಿ. ಅದರಲ್ಲಿಯೂ ಇಡಿಯ ಕಾಳು. ಸಿಪ್ಪೆ ತೆಗೆದು ಒಡೆದ ಬೇಳೆಯ ಮೇಲೆ ಮೊಟ್ಟೆಯಿಡಲು ಅದಕ್ಕೆ ಮನಸ್ಸು ಬಾರದು, ಇಟ್ಟರೂ ಮರಿ ಏಳಿಗೆಯಾಗದು. ಊರಿನಲ್ಲಿ ತೊಗರಿಯನ್ನು ಬೇಗನೆ ಬೇಳೆ ಮಾಡಿಸಿಬಿಡುವುದರಲ್ಲಿ ಇದೂ ಒಂದು ಅನುಕೂಲ.

ಹೆಣ್ಣು ದುಂಬಿ ಕಾಳಿನ ಮೇಲೆ ಓಡಾಡಿ ಮುಟ್ಟಿ ನೋಡಿ, ಮೊಟ್ಟೆಯಿಲ್ಲದ ಅಥವಾ ಕಡಿಮೆ ಮೊಟ್ಟೆಯಿರುವ ಕಾಳನ್ನೇ ಆರಿಸುತ್ತದೆ. ನನ್ನ ಸೀಸೆಯಲ್ಲಿಯೂ ಇದು ಕಂಡಿತು. ಮೊದಲೆರಡು ದಿನ ಒಂದೊಂದು ಕಾಳಿಗೆ ಒಂದೊಂದೇ ಮೊಟ್ಟೆ. ಎಲ್ಲ ಕಾಳೂ ತುಂಬಿದ ಮೇಲೆ ಎರಡನೆಯದು. ಪಡಿತರ ಹಂಚುವವರೂ ಇಷ್ಟು ಸಮನಾಗಿ ಹಂಚಲಾರರು. ಕಾರಣ ಸ್ಪಷ್ಟ. ಹೆಸರು ಕಾಳಿನಂಥ ಸಣ್ಣ ಬೀಜದಲ್ಲಿ ಇಬ್ಬರಿಗೆ ಆಗುವಷ್ಟು ಊಟವಿಲ್ಲ. ದಕ್ಷಿಣ ಭಾರತದ ಮ್ಯಾಕ್ಯುಲೇಟಸ್ ಸಂತತಿಯಲ್ಲಿ, ಒಂದು ಹೆಸರು ಕಾಳಿಗೆ ಎರಡು ಮೂರು ಮರಿ ಇಳಿದರೂ ಹೊರಬರುವುದು ಸಾಧಾರಣವಾಗಿ ಒಂದೇ. ಒಳಗೆ ನಡೆದ ಜಗಳ ನಮಗೆ ಕಾಣುವುದಿಲ್ಲ. ದಪ್ಪ ಅಲಸಂದೆಯನ್ನು ಉಂಡು ಬೆಳೆದ ಆಫ್ರಿಕದ ಸಂತತಿಯಲ್ಲಿ ಒಂದೇ ಕಾಳಿನಿಂದ ಹಲವು ದುಂಬಿಗಳು ಹೊರಬರುವುದುಂಟು. ಒಂದೇ ಜಾತಿಯ ಹುಳುವಾದರೂ ಮನೆಯ ಅಳತೆಗೆ ತಕ್ಕಂತೆ ಸಂಸಾರದ ರೀತಿ ಬೇರೆ.

ದೆಹಲಿಯಲ್ಲಿ ಎಲ್ಲರ ಮನೆಯಲ್ಲೂ ಇರುವ ರಾಜ್ಮಾ ಕಾಳನ್ನು ಇನ್ನೊಂದು ಸೀಸೆಯಲ್ಲಿ ಹಾಕಿ ಅದೇ ದುಂಬಿಗಳನ್ನು ಬಿಟ್ಟೆ. ಮೊಟ್ಟೆಯಿಟ್ಟವು. ಒಂದು ತಿಂಗಳಾಯಿತು, ಎರಡಾಯಿತು, ಒಂದು ದುಂಬಿಯೂ ಹೊರಬರಲಿಲ್ಲ. ರಾಜ್ಮಾ ಅಮೆರಿಕ ಖಂಡದಿಂದ ಬಂದ ಗಿಡ. ಅದರ ಬೀಜದಲ್ಲಿ, ಹುಳುವಿನ ಹೊಟ್ಟೆಯೊಳಗೆ ಪಿಷ್ಟ ಜೀರ್ಣವಾಗದಂತೆ ತಡೆಯುವ ಒಂದು ಸಸಾರಜನಕ ಪದಾರ್ಥವಿದೆ. ಊಟ ಸುತ್ತಲೂ ಇದ್ದು ಮರಿ ಹಸಿವಿನಿಂದ ಸಾಯುತ್ತದೆ. ಈ ಗುಣವನ್ನು ಬಟಾಣಿಗೆ ಸೇರಿಸಿದರೆ ಬಟಾಣಿಯೂ ಹುಳುವನ್ನು ತಡೆಯುತ್ತದೆಂದು 1994ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ರಾಜ್ಮಾಕ್ಕೆ ಹುಳುವೇ ಇಲ್ಲವೆಂದಲ್ಲ. ಅದರ ತವರಿನದೇ ಬೇರೆ ಕುಲದ ದುಂಬಿಗಳಿವೆ.

ಇಲ್ಲಿಗೆ ಗಿಡ ಗೆದ್ದಿತೆಂದು ತಿಳಿಯುವಂತಿಲ್ಲ. ಮಸೂರ, ಅಂದರೆ ನಮ್ಮ ಕಡೆ ಚನ್ನಂಗಿ ಎನ್ನುವ ಕಾಳು, ಮ್ಯಾಕ್ಯುಲೇಟಸ್ಸಿಗೆ ಬಹಳ ಒಗ್ಗದ ಆಹಾರ. ತಮಿಳುನಾಡಿನ ತಿರುನೆಲ್ವೇಲಿಯ ಕಡೆ ಹೆಸರು, ಉದ್ದುಗಳಿಂದ 1979ರಲ್ಲಿ ಸಂಗ್ರಹಿಸಿದ ದುಂಬಿಗಳ ವಂಶ ಅಮೆರಿಕದ ಪ್ರಯೋಗಶಾಲೆಗಳಲ್ಲಿ ಸಾಗಿಬಂದಿತ್ತು. ಯೂಟಾ ರಾಜ್ಯದ ಫ್ರಾಂಕ್ ಮೆಸ್ಸಿನಾ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಅವನ್ನು ಬರೀ ಮಸೂರದ ಮೇಲೆ ಬಿಟ್ಟರು. ಮೊದಲು ನೂರಕ್ಕೆ ಒಂದೋ ಎರಡೋ ಮರಿ ಬದುಕಿದವು. ಉಳಿದ ಆ ಕೆಲವರ ಮಕ್ಕಳು, ಮೊಮ್ಮಕ್ಕಳು ಎಂದು ಸಾಗಿ, ಇಪ್ಪತ್ತು ಇಪ್ಪತ್ತೈದು ತಲೆಮಾರು ಕಳೆಯುವಷ್ಟರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಬದುಕತೊಡಗಿದವು. ಹುಳುವಿನ ಲೆಕ್ಕದಲ್ಲಿ ಇದು ಎರಡು ವರ್ಷದ ಮಾತು. ಇದನ್ನು ಓದಿದಾಗ, ಬಂದ ಹೊಸದರಲ್ಲಿ ಸಾಸಿವೆ ಎಣ್ಣೆಯ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತಿದ್ದ ನನಗೆ ನಗು ಬಂತು. ನನ್ನ ಮಗಳು ಈಗ ಅದನ್ನೇ ಬೇಕೆನ್ನುತ್ತಾಳೆ.

ಇನ್ನೊಂದು ಸೋಜಿಗವನ್ನು ಹೇಳದೆ ಇರಲಾರೆ. ಮ್ಯಾಕ್ಯುಲೇಟಸ್ಸಿನಲ್ಲಿ ಎರಡು ಬಗೆಯ ದುಂಬಿಗಳು ಹುಟ್ಟುತ್ತವೆ. ಸಾಮಾನ್ಯ ಬಗೆಯದು ಇದ್ದಲ್ಲೇ ಓಡಾಡಿಕೊಂಡು, ಬಹಳ ಮೊಟ್ಟೆಯಿಟ್ಟು, ಬೇಗ ಸಾಯುವಂಥದು; ರೆಕ್ಕೆಯಿದ್ದರೂ ಹಾರುವುದು ಅಪರೂಪ. ಉಗ್ರಾಣದಲ್ಲಿ ಹುಳುಗಳ ಸಂದಣಿ ಹೆಚ್ಚಿ ಕಾಳು ಬಿಸಿಯೇರಿದಾಗ ಎರಡನೆಯ ಬಗೆಯವು ಹುಟ್ಟುತ್ತವೆ. ಮೈಯಲ್ಲಿ ಕೊಬ್ಬು ಹೆಚ್ಚು, ಆಯುಸ್ಸು ಹೆಚ್ಚು, ಮೊಟ್ಟೆ ಕಡಿಮೆ. ಅವು ಚೆನ್ನಾಗಿ ಹಾರಿ ಹೊಲ ಹುಡುಕಿಕೊಂಡು ಹೋಗುತ್ತವೆ. ಜಪಾನಿನ ಕ್ಯೋಟೊ ನಗರದ ಉಟಿಡಾ ಎಂಬವರು 1954ರಲ್ಲಿ ಇದನ್ನು ವಿವರಿಸಿದರು. ಊರಿನಲ್ಲಿ ಅಣ್ಣತಮ್ಮಂದಿರು ಐವರು, ಜಮೀನು ಮೂರೆಕರೆ ಎಂಬ ಮನೆಗಳಿಂದ ರೈಲು ಹತ್ತಿದವರು ನಮ್ಮ ಸಂಘದಲ್ಲಿಯೂ ಇದ್ದಾರೆ. ಹೆಚ್ಚು ವಿವರಿಸುವುದಿಲ್ಲ.

ಕಾಳುಗಳೂ ವಲಸೆ ಬಂದವೇ. ನಾವು ನಮ್ಮೂರಿನದೆಂದು ಎದೆಗವಚಿಕೊಳ್ಳುವ ಅಲಸಂದೆ, ಅವರೆಗಳ ಮೂಲ ಆಫ್ರಿಕ. ಹೆಸರು, ಹುರುಳಿಗಳು ಈ ನೆಲದವೇ. ಬಳ್ಳಾರಿಯ ಸಂಗನಕಲ್ಲಿನ ಬೆಟ್ಟಗಳಲ್ಲಿ ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಬಾಳಿದ ಜನ ಇವನ್ನು ಬೆಳೆಯುತ್ತಿದ್ದರೆಂಬುದಕ್ಕೆ ಸುಟ್ಟ ಕಾಳುಗಳೇ ಸಾಕ್ಷಿಯಾಗಿ ಸಿಕ್ಕಿವೆ.

ಇನ್ನು ಮನೆಯ ಮಾತು. ಹುಳುವಿನ ಬಾಳು ತಿಳಿದ ಮೇಲೆ ನಮ್ಮ ಅಜ್ಜಿಯರ ಉಪಾಯಗಳಿಗೆ ಅರ್ಥ ಬಂತು. ಬೂದಿ ಕಾಳಿನ ನಡುವಿನ ಸಂದುಗಳನ್ನೆಲ್ಲ ತುಂಬುತ್ತದೆ. ದುಂಬಿ ಓಡಾಡಿ ಜೊತೆ ಹುಡುಕಲಾರದು, ಮೊಟ್ಟೆಗೆ ನುಣುಪಾದ ಜಾಗ ಸಿಗದು, ಮೈಯ ಮೇಣ ಸವೆದು ತೇವ ಆರಿ ಅದು ಸಾಯುತ್ತದೆ. ತೊಗರಿಗೆ ಕೆಮ್ಮಣ್ಣು ಕಟ್ಟುವುದೂ ಇದೇ ಜಾತಿಯ ಉಪಾಯ. ಹರಳೆಣ್ಣೆ ಸವರುವುದು ಮೊಟ್ಟೆಯ ಉಸಿರು ಕಟ್ಟಿಸಲು. ಕಿಲೋಗೆ ಒಂದು ಚಮಚ ಸಾಕು, ಯಾವ ಅಡಿಗೆ ಎಣ್ಣೆಯಾದರೂ ನಡೆಯುತ್ತದೆ. ಆದರೆ ಮರಿ ಒಳಗೆ ಇಳಿದ ಮೇಲೆ ಎಣ್ಣೆ ಹಚ್ಚಿ ಫಲವಿಲ್ಲ. ಬಿಳಿಯ ಚುಕ್ಕೆ ಬಂದ ಕಾಳಿಗೆ ಎಣ್ಣೆ ಸವರಿ ನಿಶ್ಚಿಂತೆಯಾಗಿ ಕುಳಿತು, ತಿಂಗಳಾದ ಮೇಲೆ ಅಜ್ಜಿಯನ್ನು ಬೈಯುವವರು ಇದನ್ನು ಗಮನಿಸಬೇಕು.

ಒಳಗಿರುವ ಮರಿಯನ್ನು ಕೊಲ್ಲಲು ಬಿಸಿ ಅಥವಾ ಚಳಿ ಬೇಕು. ದೆಹಲಿಯ ಮೇ, ಜೂನ್ ಬಿಸಿಲಿಗೆ ಈ ಒಂದು ಉಪಕಾರವಾದರೂ ಉಂಟು. ಕಪ್ಪು ಹಾಳೆಯ ಮೇಲೆ ಕಾಳನ್ನು ತೆಳ್ಳಗೆ ಹರಡಿ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ಅಂಚು ಮುಚ್ಚಿ ಮಹಡಿಯ ಮೇಲೆ ಇಡಬೇಕು. ಒಳಗಿನ ಬಿಸಿ 57 ಡಿಗ್ರಿ ಮುಟ್ಟಿ ಒಂದು ಗಂಟೆ ನಿಂತರೆ ಮೊಟ್ಟೆಯಿಂದ ದುಂಬಿಯವರೆಗೆ ಎಲ್ಲವೂ ಸಾಯುತ್ತವೆ. ಬರಿಯ ಬಿಸಿಲಿಗೆ ಹರವಿದರೆ ದುಂಬಿಗಳು ಓಡಿಹೋಗುತ್ತವೆ, ಒಳಗಿನ ಮರಿ ಉಳಿಯಬಹುದು. ಮಳೆಗಾಲದ ಮುಂಬಯಿಯವರಿಗೆ ಬಿಸಿಲಿಲ್ಲ. ಅವರು ಒಣಗಿದ ಕಾಳನ್ನು ಕಿಲೋ ಕಿಲೋ ಚೀಲಗಳಲ್ಲಿ ಗಾಳಿಯಾಡದಂತೆ ಕಟ್ಟಿ, ಫ್ರಿಜ್ಜಿನ ಮಂಜುಗಟ್ಟುವ ಅರೆಯಲ್ಲಿ ಒಂದು ವಾರ ಇಡಲಿ. ಹೊರಗೆ ತೆಗೆದಾಗ ಚೀಲ ಮನೆಯ ಬಿಸಿಗೆ ಬರುವವರೆಗೆ ಬಿಚ್ಚಬಾರದು. ಬಿಚ್ಚಿದರೆ ತೇವ ಕೂತು ಮುಗ್ಗು ಹಿಡಿಯುತ್ತದೆ.

ಗಾಳಿಯನ್ನು ಕಟ್ಟುವ ಉಪಾಯವೂ ಒಂದಿದೆ. ಆಫ್ರಿಕದ ಕ್ಯಾಮರೂನಿನಲ್ಲಿ ಅಲಸಂದೆ ಬೆಳೆಯುವ ರೈತರಿಗಾಗಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಲ್ಯಾರಿ ಮರ್ಡಾಕ್ ಮತ್ತವರ ಸಂಗಡಿಗರು 1980ರ ದಶಕದ ಕೊನೆಯಲ್ಲಿ ಮೂರು ಪದರದ ಚೀಲವನ್ನು ರೂಪಿಸಿದರು. ಒಳಗೆ ಎರಡು ಪ್ಲಾಸ್ಟಿಕ್ ಚೀಲ, ಹೊರಗೆ ಗೋಣಿಯಂಥ ಒಂದು. ಬಿಗಿದು ಕಟ್ಟಿದರೆ ಹುಳುಗಳೇ ಒಳಗಿನ ಪ್ರಾಣವಾಯುವನ್ನು ಮುಗಿಸಿಕೊಳ್ಳುತ್ತವೆ. ನೀರು ಕುಡಿಯದ ಈ ಜೀವಿ ತನಗೆ ಬೇಕಾದ ನೀರನ್ನು ಊಟವನ್ನು ಪ್ರಾಣವಾಯುವಿನೊಡನೆ ದಹಿಸಿಯೇ ಪಡೆಯುತ್ತದೆ. ಆ ವಾಯು ಮುಗಿದಾಗ ಬಾಯಾರಿ ಸಾಯುತ್ತದೆ. ಮನೆಯಲ್ಲಿ ಬಿಗಿಯಾದ ಡಬ್ಬವನ್ನು ಕಂಠದವರೆಗೆ ತುಂಬಿಡುವುದು ಇದರ ಬಡ ತಮ್ಮ. ನಮ್ಮ ಅಲಸಂದೆ ಕೆಟ್ಟದ್ದೂ ಅರ್ಧ ಖಾಲಿಯಾದ, ಮುಚ್ಚಳ ಸಡಿಲವಾದ ಡಬ್ಬದಲ್ಲಿಯೇ.

ಅಂದಿನ ಎರಡು ಕಿಲೋ ಅಲಸಂದೆಯನ್ನು ಎಸೆದೆವು. ಅವರೆಯಲ್ಲಿ ಚುಕ್ಕೆ ಬಿದ್ದ ಕಾಳುಗಳನ್ನು ನಾನೂ ನನ್ನಾಕೆಯೂ ಮಗಳೂ ಭೂತಗನ್ನಡಿ ಹಿಡಿದು ಮೂರು ಸಂಜೆ ಕುಳಿತು ಆರಿಸಿ, ಉಳಿದುದನ್ನು ಮಂಜಿನ ಅರೆಯಲ್ಲಿಟ್ಟೆವು. ಹತ್ತರಲ್ಲಿ ಏಳು ಪಾಲು ಉಳಿಯಿತು. ಈಚೆಗೆ ಮಗಳಿಗೆ ಭೂತಗನ್ನಡಿ ಬೇಕಾಗಿಲ್ಲ; ಅಂಗಡಿಯ ಹೆಸರು ಕಾಳನ್ನೂ ಅಂಗೈಯಲ್ಲಿ ಹರವಿ, "ಅಪ್ಪ, ಇದರೊಳಗೆ ಒಂದಿದೆ" ಎನ್ನುತ್ತಾಳೆ.

ಈ ವರ್ಷ ಮೇ ತಿಂಗಳಲ್ಲಿ ಅಮ್ಮ ಗಂಟು ಕಟ್ಟುವಾಗ ನಾನು ಬಾಯಿ ತೆರೆಯಲಿಲ್ಲ. ಮೂರು ಕಿಲೋ ಅಲಸಂದೆಗೆ ಒಲೆಯ ಬೂದಿಯನ್ನು ಜರಡಿ ಹಿಡಿದು ಸುರಿದು ಕೈಯಾಡಿಸಿದಳು. ದೆಹಲಿಗೆ ಬರುವಷ್ಟರಲ್ಲಿ ನನ್ನ ಎರಡು ಅಂಗಿಗಳು ಬೂದಿ ಬಣ್ಣವಾಗಿದ್ದವು. ಮೊನ್ನೆ ಭಾನುವಾರ ನನ್ನಾಕೆ ಆ ಕಾಳನ್ನು ಐದು ಸಲ ತೊಳೆದಳು; ನಾಲ್ಕನೆಯ ಸಲದವರೆಗೂ ನೀರು ಕಪ್ಪಾಗಿಯೇ ಹೋಯಿತು.